ಇತೈಪು ಅಣೆಕಟ್ಟಿನ ಬೆಲಾ ವಿಸ್ತಾ ಕಾಡು: ನೋಡಲು ಹೋಗುವವರಿಗೆ

ಬ್ರೆಜಿಲ್‌ನ ಫೋಜ್ ದು ಇಗ್ವಾಸು ಊರಿಗೆ ಬರುವವರಲ್ಲಿ ಹೆಚ್ಚಿನವರ ಲೆಕ್ಕ ಹೀಗಿರುತ್ತದೆ: ಇಗ್ವಾಸು ಜಲಪಾತಕ್ಕೆ ಎರಡು ದಿನ, ಇತೈಪು ಅಣೆಕಟ್ಟಿಗೆ ಅರ್ಧ ದಿನ, ಅಣೆಕಟ್ಟಿನ ಕಾಡಿಗೆ ಸೊನ್ನೆ. ಈ ಲೆಕ್ಕವನ್ನು ತಿದ್ದಿಕೊಂಡರೆ ಒಳ್ಳೆಯದು. ಅಣೆಕಟ್ಟಿನ ಮಗ್ಗುಲಲ್ಲೇ ಬೆಲಾ ವಿಸ್ತಾ ಎಂಬ ಆಶ್ರಯವನವಿದೆ. ಟಿಕೆಟ್ ಪುಟದಲ್ಲಿ ಅದರ ಹೆಸರು ‘ರೆಫೂಜಿಯೊ ಬಿಯೊಲೋಜಿಕೊ’ ಎಂದಿರುತ್ತದೆ. ಬೆಳಗಿನ ಹೊತ್ತು ಅದಕ್ಕೆ ಕೊಟ್ಟು, ಮಧ್ಯಾಹ್ನ ಅಣೆಕಟ್ಟಿಗೆ ಹೋಗಿ. ಈ ಅನುಕ್ರಮ ತಿರುಗುಮುರುಗಾದರೆ ಎರಡೂ ಸಪ್ಪೆಯಾಗುತ್ತವೆ. ಪ್ರಾಣಿಗಳು ಮಧ್ಯಾಹ್ನ ಮಲಗಿರುತ್ತವೆ, ಅಣೆಕಟ್ಟು ಎಷ್ಟನ್ನು ಮುಳುಗಿಸಿತು ಎಂಬುದೂ ತಲೆಗೆ ಹತ್ತುವುದಿಲ್ಲ.

ಅಲ್ಲಿ ಕಾಡು ಯಾಕಿದೆ ಎಂಬುದನ್ನು ಹೊರಡುವ ಮೊದಲೇ ತಿಳಿದಿರಿ. ಪರಾನಾ ನದಿಗೆ ಬ್ರೆಜಿಲ್ ಮತ್ತು ಪರಾಗ್ವೆ ಸೇರಿ ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟು ಇತೈಪು. ಒಪ್ಪಂದವಾದದ್ದು 1973ರಲ್ಲಿ. 1982ರ ಅಕ್ಟೋಬರ್ 13ರಂದು ನೀರು ಕಟ್ಟಿದರು, ಹದಿನಾಲ್ಕೇ ದಿನದಲ್ಲಿ ಜಲಾಶಯ ತುಂಬಿತು. ಮುಳುಗಿದ ನೆಲ ಸುಮಾರು 1,350 ಚದರ ಕಿಲೋಮೀಟರ್, ಅಂದರೆ ನಮ್ಮ ಲಿಂಗನಮಕ್ಕಿ ಹಿನ್ನೀರಿನ ನಾಲ್ಕು ಪಟ್ಟಿಗೂ ಹೆಚ್ಚು. ಗ್ವಾಯಿರಾ ಎಂಬ ಮಹಾ ಜಲಪಾತ ಅದರ ಕೆಳಗೆ ಹೋಯಿತು. ಅವಾ-ಗ್ವಾರನಿ ಎಂಬ ಮೂಲನಿವಾಸಿ ಜನರ ಊರುಗಳೂ ಹೋದವು. ಶರಾವತಿ ಮುಳುಗಡೆಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನೀರು ಏರುತ್ತಿದ್ದಾಗ ದೋಣಿಗಳಲ್ಲಿ ಹೋಗಿ ಪ್ರಾಣಿಗಳನ್ನು ಹಿಡಿದು ತಂದ ಕಾರ್ಯಾಚರಣೆಗೆ ‘ಮಿಂಬ ಕುಎರ’ ಎಂದು ಹೆಸರಿಟ್ಟರು. ಗ್ವಾರನಿ ನುಡಿಯಲ್ಲಿ ಮಿಂಬ ಎಂದರೆ ಪ್ರಾಣಿ, ಕುಎರ ಬಹುವಚನ. ಇತೈಪು ಸಂಸ್ಥೆ ಕೊಡುವ ಲೆಕ್ಕದಂತೆ ಸಿಕ್ಕಿದವು 36,450. ಮರದ ತುದಿಯಲ್ಲಿ ಸಿಕ್ಕಿಬಿದ್ದ ಕೋತಿಯೂ, ಹಾವು ಹಲ್ಲಿಗಳೂ ಇದರಲ್ಲಿ ಸೇರಿವೆ. ಅಂಥವುಗಳಿಗೆ ನೆಲೆ ಬೇಕೆಂದು 1984ರಲ್ಲಿ ಬೆಲಾ ವಿಸ್ತಾ ಶುರುವಾಯಿತು. ವಿಸ್ತೀರ್ಣ ಸುಮಾರು 1,900 ಹೆಕ್ಟೇರ್, ಲಾಲ್‌ಬಾಗಿನಂಥ ಇಪ್ಪತ್ತು ತೋಟದಷ್ಟು. ಪ್ರವಾಸಿಗರು ಕಾಲಿಡುವುದು ಅದರ ಒಂದು ಅಂಚಿನಲ್ಲಿ ಮಾತ್ರ.

ಪಾಸ್‌ಪೋರ್ಟಿನ ಕೆಲಸ

ಭಾರತದ ಸಾಮಾನ್ಯ ಪಾಸ್‌ಪೋರ್ಟ್ ಇದ್ದವರು ಬ್ರೆಜಿಲ್ ವೀಸಾ ಮೊದಲೇ ಮಾಡಿಸಿಕೊಳ್ಳಬೇಕು. ಫೋಜ್ ಮೂರು ದೇಶ ಕೂಡುವ ಜಾಗ. ಜಲಪಾತದ ಇನ್ನೊಂದು ಮಗ್ಗುಲು ಅರ್ಜೆಂಟೀನಾದಲ್ಲಿದೆ, ಅಣೆಕಟ್ಟಿನ ಇನ್ನೊಂದು ತುದಿ ಪರಾಗ್ವೆಯಲ್ಲಿ. ಒಮ್ಮೆ ಆಚೆ ದಾಟಿ ವಾಪಸ್ ಬರಬೇಕೆಂದಿದ್ದರೆ ಬ್ರೆಜಿಲ್ ವೀಸಾ ಹಲವು ಸಲ ಪ್ರವೇಶಕ್ಕೆ ಅವಕಾಶ ಇರುವಂಥದ್ದೇ ಆಗಿರಬೇಕು. ಆಚೆಯ ದೇಶದ ವೀಸಾ ಬೇರೆ. ಅಮೆರಿಕ ವೀಸಾ ಇದ್ದವರಿಗೆ ಕೆಲವು ಸಡಿಲಿಕೆಗಳು ಬರುತ್ತವೆ, ಹೋಗುತ್ತವೆ. ಟಿಕೆಟ್ ಕೊಳ್ಳುವ ವಾರದಲ್ಲಿ ಆಯಾ ದೂತಾವಾಸದ ಪುಟ ನೋಡಿಕೊಳ್ಳಿ.

ಪರಾಗ್ವೆಗೆ ಹೋಗುವ ಸ್ನೇಹ ಸೇತುವೆಯಲ್ಲಿ ಒಂದು ತೊಡಕು ಇದೆ. ಅಲ್ಲಿ ದಿನವೂ ಸಾವಿರಾರು ಜನ ಸಾಮಾನು ಕೊಳ್ಳಲು ದಾಟುತ್ತಾರೆ, ಯಾರೂ ನಿಮ್ಮನ್ನು ತಡೆಯುವುದಿಲ್ಲ. ಬಸ್ಸು ಚೆಕ್‌ಪೋಸ್ಟಿನಲ್ಲಿ ನಿಲ್ಲದೆ ಹೋಗಿಬಿಡಬಹುದು. ತಡೆಯಲಿಲ್ಲ ಎಂದರೆ ಮುದ್ರೆ ಬೇಡ ಎಂದಲ್ಲ. ನೀವೇ ಇಳಿದು, ಸಾಲಿನಲ್ಲಿ ನಿಂತು, ಹೊರಗೆ ಹೋದ ಮುದ್ರೆಯನ್ನೂ ಒಳಗೆ ಬಂದ ಮುದ್ರೆಯನ್ನೂ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ದೇಶ ಬಿಡುವ ದಿನ ವಿಮಾನ ನಿಲ್ದಾಣದಲ್ಲಿ ದಂಡದ ಮಾತು ಬರುತ್ತದೆ. ಬ್ರೆಜಿಲ್ ಬದಿಯಿಂದ ಅಣೆಕಟ್ಟಿನ ಟೂರಿಗೆ ಹೋದಾಗ ಬಸ್ಸು ಗಡಿಯ ಗೆರೆ ದಾಟುತ್ತದೆ, ಅದಕ್ಕೆ ಮುದ್ರೆ ಬೇಕಿಲ್ಲ. ಆ ಆವರಣ ಎರಡೂ ದೇಶಗಳ ಜಂಟಿ ಜಾಗ.

ಹಳದಿ ಜ್ವರದ ಲಸಿಕೆಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಬ್ರೆಜಿಲ್ ಕೇಳದಿದ್ದರೂ ವಾಪಸ್ ಬರುವಾಗ ಭಾರತ ಕೇಳುತ್ತದೆ. ಸರ್ಟಿಫಿಕೇಟ್ ಇಲ್ಲದೆ ಬೆಂಗಳೂರಿಗೋ ಮುಂಬೈಗೋ ಬಂದಿಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆಯನ್ನು ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲೇ ಹಾಕಿಸಬೇಕು. ಸರ್ಟಿಫಿಕೇಟ್ ಊರ್ಜಿತವಾಗುವುದು ಹತ್ತು ದಿನ ಕಳೆದ ಮೇಲೆ, ಆಮೇಲೆ ಜೀವಮಾನಕ್ಕೆ ಸಾಕು. ಕೇಂದ್ರಗಳಲ್ಲಿ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಹೊರಡುವ ಒಂದು ತಿಂಗಳ ಮೊದಲೇ ಹೆಸರು ಬರೆಸಿ. ಮೊಟ್ಟೆಗೆ ತೀವ್ರ ಅಲರ್ಜಿ ಇದ್ದವರು, ಅರವತ್ತು ದಾಟಿದವರು, ಬಸುರಿಯರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಿರುವವರು ಮೊದಲು ವೈದ್ಯರನ್ನು ಕಾಣಬೇಕು. ಒಂಬತ್ತು ತಿಂಗಳೊಳಗಿನ ಕೂಸಿಗೆ ಈ ಲಸಿಕೆ ಹಾಕುವುದಿಲ್ಲ. ಅಂಥ ಕೂಸನ್ನು ಕರೆದುಕೊಂಡು ಈ ಕಾಡಿಗೆ ಹೋಗದಿರುವುದೇ ಮೇಲು.

ದಿನ, ಹೊತ್ತು, ಟಿಕೆಟ್ಟು

ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಎಲ್ಲಾದರೂ ಬದಲಾಯಿಸಿ ಸಾವ್ ಪೌಲೋ ಸೇರಿ, ಅಲ್ಲಿಂದ ಸುಮಾರು ಎರಡು ಗಂಟೆಯ ಒಳನಾಡು ವಿಮಾನದಲ್ಲಿ ಫೋಜ್‌ಗೆ ಹೋಗಬೇಕು. ನಮಗೂ ಅವರಿಗೂ ಎಂಟೂವರೆ ಗಂಟೆಯ ಅಂತರ. ಬಂದಿಳಿದ ಮರುದಿನದ ಬೆಳಗಿನ ಟಿಕೆಟ್ ಕೊಳ್ಳಬೇಡಿ. ನಸುಕಿನಲ್ಲಿ ಎದ್ದು ಕೂತಿರುತ್ತೀರಿ, ಹತ್ತು ಗಂಟೆಗೆ ನಡೆಯುತ್ತಲೇ ತೂಕಡಿಕೆ ಬರುತ್ತದೆ.

ಇತೈಪು ಇರುವುದು ಊರಿನ ನಡುವಿನಿಂದ ಹನ್ನೆರಡು ಕಿಲೋಮೀಟರ್ ಉತ್ತರಕ್ಕೆ, ತಂಕ್ರೇದು ನೆವಿಸ್ ರಸ್ತೆಯ ತುದಿಯಲ್ಲಿ. ಜಲಪಾತವಿರುವುದು ಇದರ ಎದುರು ದಿಕ್ಕಿಗೆ. ಆದ್ದರಿಂದ ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಊರಿನ ಬಸ್ ನಿಲ್ದಾಣದಿಂದ ಸಿಟಿ ಬಸ್ಸು ಸಿಗುತ್ತದೆ, ಆದರೆ ದಾರಿಯಲ್ಲಿ ಬಡಾವಣೆಗಳನ್ನೆಲ್ಲ ಸುತ್ತುತ್ತದೆ. ಮುಕ್ಕಾಲು ಗಂಟೆ ಕೈಯಲ್ಲಿಟ್ಟುಕೊಂಡು ಹೊರಡಿ. ಮೂರು-ನಾಲ್ಕು ಜನರಿದ್ದರೆ ಆ್ಯಪ್ ಕಾರೇ ವಾಸಿ.

ಕಾರನ್ನು ನೇರ ಕಾಡಿನ ಬಾಗಿಲಿಗೆ ಬಿಡಿಸಿಕೊಳ್ಳಬೇಡಿ. ಎಲ್ಲ ಟೂರುಗಳೂ ಹೊರಡುವುದು ಅಣೆಕಟ್ಟಿನ ಸಂದರ್ಶಕರ ಕೇಂದ್ರದಿಂದ. ಅಲ್ಲಿಂದ ಅವರದೇ ವಾಹನದಲ್ಲಿ ಕಾಡಿಗೆ ಕರೆದೊಯ್ಯುತ್ತಾರೆ. ಚಾಲಕನಿಗೆ ‘ಬೆಲಾ ವಿಸ್ತಾ’ ಎಂದಷ್ಟೇ ಹೇಳಿದರೆ ಬೇರೆಲ್ಲೋ ಇಳಿಸಿಯಾನು, ಆ ಹೆಸರಿನ ಜಾಗಗಳು ಬ್ರೆಜಿಲ್‌ನಲ್ಲಿ ಊರಿಗೊಂದು. ‘ಇತೈಪು, ಸೆಂತ್ರು ಜಿ ವಿಜಿತಾಂತೆಸ್’ ಎಂದರೆ ಸಾಕು.

ಕಾಡಿನ ಟೂರು ದಿನಕ್ಕೆ ಕೆಲವೇ ಸರದಿ. ಅಣೆಕಟ್ಟಿನ ಬಸ್ಸಿನಂತೆ ಮೇಲಿಂದ ಮೇಲೆ ಹೊರಡುವುದಿಲ್ಲ. ಮಂಗಳವಾರ ಸಾಮಾನ್ಯವಾಗಿ ರಜೆ. ಅಧಿಕೃತ ಪುಟದಲ್ಲಿ ದಿನ, ಸರದಿ, ವಿವರಣೆಯ ಭಾಷೆ ಮೂರನ್ನೂ ನೋಡಿ ಟಿಕೆಟ್ ಕೊಳ್ಳಿ. ಇಂಗ್ಲಿಷ್ ವಿವರಣೆ ಎಲ್ಲ ಸರದಿಗೂ ಇರುವುದಿಲ್ಲ. ಬೆಳಗಿನ ಮೊದಲ ಸರದಿಯನ್ನೇ ಹಿಡಿಯಿರಿ, ಅದು ತುಂಬಿದ್ದರೆ ದಿನವನ್ನೇ ಬದಲಿಸಿ. ಮಧ್ಯಾಹ್ನದ ಸರದಿಗೆ ರಾಜಿಯಾಗಬೇಡಿ. ಅರ್ಧ ಗಂಟೆ ಮೊದಲೇ, ಮೂಲ ಪಾಸ್‌ಪೋರ್ಟ್ ಸಮೇತ ಅಲ್ಲಿರಿ. ವಾಹನ ಹೋದ ಮೇಲೆ ಹಿಂದಿನಿಂದ ಹೋಗಿ ಸೇರಿಕೊಳ್ಳುವ ದಾರಿಯಿಲ್ಲ. ಎಲ್ಲ ಸೇರಿ ಎರಡೂವರೆ ಗಂಟೆ, ಅದರಲ್ಲಿ ನಡಿಗೆ ಸುಮಾರು ಎರಡು ಕಿಲೋಮೀಟರ್. ನಡೆಯಲು ಕಷ್ಟವಿರುವ ಹಿರಿಯರಿದ್ದರೆ ಟಿಕೆಟ್ ಕೊಳ್ಳುವಾಗಲೇ ತಿಳಿಸಿ.

ತಿಂಗಳುಗಳ ಮಾತು. ಡಿಸೆಂಬರಿನಿಂದ ಫೆಬ್ರವರಿವರೆಗೆ ಅಲ್ಲಿ ಬೇಸಿಗೆ. ಮಂಗಳೂರಿನ ಮೇ ತಿಂಗಳ ಸೆಕೆ, ಮೇಲೆ ಸಂಜೆಯ ಗುಡುಗು ಮಳೆ. ಜೂನ್, ಜುಲೈಯಲ್ಲಿ ಬೆಳಗ್ಗೆ ಹತ್ತು ಡಿಗ್ರಿಗೆ ಇಳಿಯುವುದುಂಟು, ಸ್ವೆಟರ್ ಬೇಕು. ಆ ಚಳಿಯಲ್ಲಿ ಪ್ರಾಣಿಗಳು ಬಿಸಿಲಿಗೆ ಬಂದು ಮೈಚಾಚುವುದರಿಂದ ನೋಡುವವರಿಗೆ ಅದೇ ಒಳ್ಳೆಯ ಕಾಲ. ಜುಲೈ-ಆಗಸ್ಟಿನಲ್ಲಿ ಹೋದರೆ ಇನ್ನೊಂದು ಲಾಭವಿದೆ. ಕಬ್ಬನ್ ಪಾರ್ಕಿನಲ್ಲಿ ಎಲೆಯುದುರಿಸಿ ಗುಲಾಬಿ ಹೂ ಹೊದೆಯುವ ಟಬೆಬುಯಾ ಮರದ ಬಳಗದವು ಈ ಸೀಮೆಯ ಕಾಡುಗಳಲ್ಲೂ ಇವೆ. ಅಲ್ಲಿ ಅವಕ್ಕೆ ‘ಇಪೆ’ ಎನ್ನುತ್ತಾರೆ. ಹೂ ಬಿಟ್ಟ ಇಪೆಯನ್ನು ಅದರ ನೆಲದಲ್ಲೇ ನೋಡಬಹುದು.

ಮೈಮೇಲೆ ಏನು, ಚೀಲದಲ್ಲಿ ಏನು

ಬೆರಳು ಮುಚ್ಚುವ ಬೂಟು, ಉದ್ದ ಕಾಲುಚೀಲ, ತಿಳಿ ಬಣ್ಣದ ಪೂರ್ತಿ ಪ್ಯಾಂಟು. ತಿಳಿ ಬಣ್ಣ ಯಾಕೆಂದರೆ ಉಣುಗು ಹತ್ತಿದರೆ ಕಾಣುತ್ತದೆ. ಮಂಗನ ಕಾಯಿಲೆಯ ಊರುಗಳವರಿಗೆ ಉಣುಗಿನ ಭಯ ಹೊಸದಲ್ಲ. ಬ್ರೆಜಿಲ್‌ನಲ್ಲೂ ಉಣುಗಿನಿಂದ ಹರಡುವ ಜ್ವರವಿದೆ, ಕಪಿಬಾರಾ ಎಂಬ ಭಾರಿ ಗಾತ್ರದ ಇಲಿಜಾತಿಯ ಪ್ರಾಣಿ ಮೇಯುವ ಹುಲ್ಲಿನಲ್ಲಿ ಉಣುಗು ಹೆಚ್ಚು. ಫೋಟೊಗಾಗಿ ಹುಲ್ಲಿನ ಮೇಲೆ ಕೂರಬೇಡಿ. ಕೋಣೆಗೆ ಮರಳಿದ ಮೇಲೆ ಮೊಣಕಾಲ ಹಿಂದೆ, ಸೊಂಟದ ಪಟ್ಟಿಯ ಕೆಳಗೆ, ಕಿವಿಯ ಹಿಂದೆ ತಡಕಿ ನೋಡಿ.

ಸೊಳ್ಳೆಗೂ ಕಚ್ಚುವ ಸಣ್ಣ ನೊಣಕ್ಕೂ ಡೀಟ್ ಅಥವಾ ಇಕಾರಿಡಿನ್ ಇರುವ ಮುಲಾಮು ಬೇಕು. ಇಕಾರಿಡಿನ್ ಅಲ್ಲಿನ ಔಷಧದಂಗಡಿಗಳಲ್ಲಿ ಸಿಗುತ್ತದೆ. ಮೊದಲು ಬಿಸಿಲಿನ ಕ್ರೀಮು ಹಚ್ಚಿ, ಕಾಲು ಗಂಟೆ ಬಿಟ್ಟು, ಅದರ ಮೇಲೆ ಸೊಳ್ಳೆ ಮುಲಾಮು ಹಚ್ಚಿ. ತಿರುಗುಮುರುಗು ಮಾಡಿದರೆ ಸೊಳ್ಳೆ ಮುಲಾಮು ಅಡಿಯಲ್ಲಿ ಮುಚ್ಚಿಹೋಗಿ ಕೆಲಸ ಮಾಡುವುದಿಲ್ಲ.

ತಲೆಗೆ ಒಂದು ಲೀಟರಿನಂತೆ ನೀರು, ಟೊಪ್ಪಿ, ತೆಳ್ಳನೆ ಮಳೆಯಂಗಿ ಸಾಕು. ತಿಂಡಿ ಪೊಟ್ಟಣ ಬೇಡ. ಬೈನಾಕ್ಯುಲರ್ ಇದ್ದರೆ ಖಂಡಿತ ಒಯ್ಯಿರಿ. ಎಂಟು ಪಟ್ಟಿನದು ಸಾಕು, ಹತ್ತು ಪಟ್ಟಿನದು ಮರದ ನೆರಳಿನಲ್ಲಿ ಕೈ ನಡುಗಿ ಕಷ್ಟ.

ಒಳಗೆ

ಇದನ್ನು ಬನ್ನೇರುಘಟ್ಟದ ಸಫಾರಿಯಂತೆ ಎಣಿಸಿ ಹೋದವರು ಬೇಸರದಿಂದ ಮರಳುತ್ತಾರೆ. ಪ್ರಾಣಿಗಳ ಎಣಿಕೆ ಕಮ್ಮಿ, ಆವರಣಗಳ ಒಳಗೆ ಗಿಡಮರ ದಟ್ಟ. ಪ್ರಾಣಿಗೆ ಅಡಗಲು ಜಾಗ ಬಿಟ್ಟಿದ್ದಾರೆ, ಅದು ಬೇಕೆಂದೇ ಮಾಡಿದ ಏರ್ಪಾಡು. ಗುಂಪಿನ ಮುಂದೆ ಓಡುವುದರಿಂದ ಲಾಭವಿಲ್ಲ. ಗುಂಪಿನ ಕೊನೆಯಲ್ಲಿರಿ. ಮೂವತ್ತು ಜನರ ಮಾತು ಮುಂದೆ ಸರಿದ ಮೇಲೆ ಪೊದೆಯಲ್ಲಿದ್ದದ್ದು ಹೊರಬರುತ್ತದೆ. ಆದರೆ ಗೈಡಿನ ಕಣ್ಣಳತೆ ತಪ್ಪಬೇಡಿ, ಒಬ್ಬರಿಗಾಗಿ ಎಲ್ಲರನ್ನೂ ನಿಲ್ಲಿಸಬೇಕಾಗುತ್ತದೆ.

ಎರಡು ಪ್ರಾಣಿಗಳ ಮುಂದೆ ಮಾತ್ರ ಸಮಯವನ್ನು ಧಾರಾಳವಾಗಿ ಕಳೆಯಿರಿ. ಒಂದು ಹಾರ್ಪಿ ಹದ್ದು, ಪೋರ್ಚುಗೀಸಿನಲ್ಲಿ ‘ಗವಿಯಾಂವ್ ರೆಯಾವ್’. ಹೆಣ್ಣು ಗಂಡಿಗಿಂತ ದೊಡ್ಡದು, ಆರರಿಂದ ಒಂಬತ್ತು ಕಿಲೋ ತೂಗುತ್ತದೆ. ಕಾಲು ನೋಡಿ, ಮಗುವಿನ ಮಣಿಕಟ್ಟಿನಷ್ಟು ದಪ್ಪ. ಮರದ ಮೇಲೆ ತೂಗಾಡುವ ನಿಧಾನಗತಿಯ ಸ್ಲಾತ್ ಪ್ರಾಣಿಯನ್ನು, ಕೋತಿಗಳನ್ನು ಕೊಂಬೆಯಿಂದ ಕಿತ್ತೊಯ್ಯುವ ಕಾಲು ಅದು. ಎರಡು ಮೊಟ್ಟೆ ಇಟ್ಟರೂ ಕಾಡಿನಲ್ಲಿ ಸಾಕುವುದು ಒಂದೇ ಮರಿಯನ್ನು, ಅದು ಸ್ವತಂತ್ರವಾಗುವವರೆಗೆ ಎರಡು-ಮೂರು ವರ್ಷ ಮತ್ತೆ ಮೊಟ್ಟೆ ಇಡುವುದಿಲ್ಲ. ಕಾಡು ತುಂಡಾದಾಗ ಈ ಹಕ್ಕಿ ಎಲ್ಲಕ್ಕಿಂತ ಮೊದಲು ಕಾಣೆಯಾಗುವುದು ಇದರಿಂದಲೇ. ಬೆಲಾ ವಿಸ್ತಾದಲ್ಲಿ 2009ರಿಂದ ಹತ್ತಾರು ಮರಿಗಳು ಹುಟ್ಟಿವೆ, ಸೆರೆಯಲ್ಲಿ ಇದರ ಸಂತಾನ ಬೆಳೆಸುವುದರಲ್ಲಿ ಈ ಜಾಗಕ್ಕೆ ದೊಡ್ಡ ಹೆಸರಿದೆ. ಮರಿ ಮಾಡುವ ಜೋಡಿಗಳನ್ನು ಸಾಮಾನ್ಯವಾಗಿ ಜನರ ಕಣ್ಣಿಗೆ ಬೀಳದಂತೆ ಇಟ್ಟಿರುತ್ತಾರೆ. ತೋರಿಸಿ ಎಂದು ಗೈಡಿನ ಬೆನ್ನು ಬೀಳಬೇಡಿ.

ಇನ್ನೊಂದು ಜಾಗ್ವಾರ್, ಅಲ್ಲಿನವರ ಬಾಯಲ್ಲಿ ‘ಓಂಸ’. ನಮ್ಮ ಚಿರತೆಯೇ ಅಲ್ಲವೇ ಎಂದು ಮುಂದೆ ಹೋಗಬೇಡಿ. ಮೈಮೇಲಿನ ಹೂಬೊಟ್ಟಿನೊಳಗೆ ಸಣ್ಣ ಚುಕ್ಕೆಗಳಿವೆಯೇ ನೋಡಿ. ಇದ್ದರೆ ಜಾಗ್ವಾರ್, ಚಿರತೆಗೆ ಅವಿಲ್ಲ. ತಲೆ ಅಗಲ, ಕಾಲು ಗಿಡ್ಡ, ದವಡೆ ಆಮೆಯ ಚಿಪ್ಪನ್ನೂ ಒಡೆಯುವಂಥದ್ದು. 2016ರ ಡಿಸೆಂಬರಿನಲ್ಲಿ ಇಲ್ಲಿ ಮೊದಲ ಸಲ ಮರಿಗಳಾದವು. ಕಪ್ಪು ಜಾಗ್ವಾರ್ ಕಣ್ಣಿಗೆ ಬಿದ್ದರೆ ಕಬಿನಿಯ ಕರಿಚಿರತೆ ನೆನಪಾಗದೆ ಇರದು. ಆದರೆ ಎರಡರ ಕಪ್ಪಿನ ಗುಟ್ಟು ಬೇರೆಬೇರೆ. ಚಿರತೆಯಲ್ಲಿ ಆ ಗುಣ ಹಿಂಜರಿಯುವಂಥದ್ದು, ತಂದೆತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮರಿ ಕಪ್ಪಾಗುತ್ತದೆ. ಹಾಗಾಗಿ ಚುಕ್ಕೆಯ ಜೋಡಿಗೂ ಕಪ್ಪು ಮರಿ ಹುಟ್ಟಬಹುದು. ಜಾಗ್ವಾರಿನಲ್ಲಿ ಅದು ಮೇಲುಗೈಯ ಗುಣ, ಒಬ್ಬರಿಂದ ಬಂದರೂ ಸಾಕು. ಚುಕ್ಕೆಯ ಜೋಡಿಗೆ ಕಪ್ಪು ಮರಿ ಹುಟ್ಟುವುದಿಲ್ಲ. ಓರೆ ಬಿಸಿಲು ಬಿದ್ದಾಗ ಕಪ್ಪಿನೊಳಗೆ ಹೂಬೊಟ್ಟು ಎದ್ದು ಕಾಣುತ್ತದೆ, ಬೆಳಗಿನ ಸರದಿಗೆ ಹೋಗಿ ಎಂದು ಒತ್ತಿ ಹೇಳುವುದಕ್ಕೆ ಅದೂ ಒಂದು ಕಾರಣ.

ಉಳಿದಂತೆ ‘ಆಂತ’ ಎಂಬ, ಹಂದಿಯಂಥ ಮೈಯ, ಗಿಡ್ಡ ಸೊಂಡಿಲಿನಂಥ ಮೂತಿಯ ಟೇಪಿರ್, ಕೋಡಿನ ಜೌಗು ಜಿಂಕೆ, ಮೊಸಳೆಯ ತಮ್ಮನಂತಿರುವ ‘ಜಕರೆ’, ಟೂಕನ್ ಹಕ್ಕಿ. ಯಾವುದು ಆ ದಿನ ಎದುರಾಗುತ್ತದೆ ಎಂಬುದು ನಿಮ್ಮ ಅದೃಷ್ಟ. ದಾರಿಯಲ್ಲಿ ‘ಕ್ವಾಚಿ’ ಎಂಬ ಉದ್ದ ಮೂತಿಯ, ಪಟ್ಟೆಬಾಲದ ಪ್ರಾಣಿ ಅಡ್ಡ ಬಂದರೆ ಚೀಲವನ್ನು ಎದೆಗವಚಿಕೊಳ್ಳಿ. ಧರ್ಮಸ್ಥಳದ ಕೋತಿಗಳಿಗೆ ಏನು ಗೊತ್ತೋ ಅದೆಲ್ಲ ಇವಕ್ಕೂ ಗೊತ್ತು, ಜೊತೆಗೆ ಉಗುರು ಚೂಪು. ಕಚ್ಚಿದರೆ ಅಥವಾ ಪರಚಿದರೆ ಕಾಲು ಗಂಟೆ ಸೋಪು ನೀರಿನಲ್ಲಿ ತೊಳೆದು, ರೇಬಿಸ್ ಚುಚ್ಚುಮದ್ದಿಗೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಫೋಟೊ ತೆಗೆಯುವವರಿಗೆ ದೊಡ್ಡ ತೊಡಕು ತಂತಿ ಬಲೆ. ತಡೆಗಟ್ಟೆಯಿಂದಾಗಿ ಬಲೆಯ ಹತ್ತಿರ ಹೋಗಲಾಗದು, ಹೀಗಾಗಿ ಕ್ಯಾಮೆರಾ ಪ್ರಾಣಿಯನ್ನು ಬಿಟ್ಟು ಬಲೆಯನ್ನೇ ಹಿಡಿಯುತ್ತದೆ. 200 ಮಿಲಿಮೀಟರಿಗಿಂತ ಉದ್ದದ ಲೆನ್ಸ್, ಅಪರ್ಚರ್ ಪೂರ್ತಿ ತೆರೆದು, ಫೋಕಸ್ ಒಂದೇ ಬಿಂದುವಿಗೆ ಇಟ್ಟು, ಪ್ರಾಣಿ ಬಲೆಯಿಂದ ದೂರ ಸರಿಯುವವರೆಗೆ ಕಾಯಿರಿ. ಆಗ ತಂತಿ ಕರಗಿಹೋಗುತ್ತದೆ. ಬಲೆಯ ಮೇಲೆ ಬಿಸಿಲು ಬಿದ್ದಿದ್ದರೆ ಏನು ಮಾಡಿದರೂ ಬಿಳಿಗೆರೆ ಬರುತ್ತದೆ, ನೆರಳು ಬಿದ್ದ ಕಡೆಗೆ ಸರಿಯಿರಿ. ಫ್ಲ್ಯಾಶ್ ಬೇಡ. ಫೋನಷ್ಟೇ ಇದ್ದವರು ಹದ್ದನ್ನು ಬಿಟ್ಟು ಎಲೆ, ಹೂ, ದಾರಿ ತೆಗೆಯಿರಿ, ಚೆನ್ನಾಗಿ ಬರುತ್ತವೆ.

ಮರಗಳನ್ನೂ ನೋಡಿ. ದಟ್ಟ ಕಾಡೆನಿಸುವ ಬಹುಪಾಲು ಜಾಗ ಮೊದಲು ಹೊಲ, ಹುಲ್ಲುಗಾವಲು ಆಗಿತ್ತು. ಜಲಾಶಯದ ದಡದುದ್ದಕ್ಕೂ ಕಾಡಿನ ಪಟ್ಟಿ ಬೆಳೆಸಲು ಇತೈಪು ಸಂಸ್ಥೆ ನೆಟ್ಟ ಸಸಿಗಳು ಎರಡು ಕೋಟಿಗೂ ಹೆಚ್ಚು. ದಡದ ಮಣ್ಣು ಕೊಚ್ಚಿ ಬಂದರೆ ಜಲಾಶಯದಲ್ಲಿ ಹೂಳು ತುಂಬುತ್ತದೆ, ವಿದ್ಯುತ್ ಕಾರಖಾನೆಗೇ ನಷ್ಟ. ಇದರಲ್ಲಿ ಪರಿಸರ ಪ್ರೀತಿಯಷ್ಟೇ ಲೆಕ್ಕಾಚಾರವೂ ಇದೆ, ಅದೇನೂ ತಪ್ಪಲ್ಲ. ನೆಟ್ಟ ಕಾಡನ್ನು ಗುರುತಿಸುವುದು ಹೀಗೆ: ಕಾಂಡಗಳ ದಪ್ಪ ಹೆಚ್ಚುಕಮ್ಮಿ ಒಂದೇ, ಅಲ್ಲಲ್ಲಿ ಸಾಲು ಹಿಡಿದಂತೆ ಕಾಣುತ್ತವೆ, ದೊಡ್ಡ ಬಿದ್ದ ಮರಗಳು ಕಮ್ಮಿ.

ಮೀನಿನ ಕಾಲುವೆ

ಕಾಡಿನ ಹತ್ತಿರದಲ್ಲೇ ಪಿರಸೆಮ ಕಾಲುವೆ ಹರಿಯುತ್ತದೆ. ಪಿರಸೆಮ ಎಂದರೆ ಮೊಟ್ಟೆ ಇಡಲು ಮೀನು ಹೊಳೆಯ ಮೇಲ್ಮುಖಕ್ಕೆ ಏರುವುದು, ನಮ್ಮಲ್ಲಿ ಮೊದಲ ಮಳೆಗೆ ಹತ್ತುಮೀನು ಏರುವಂತೆ. ಅಣೆಕಟ್ಟಿನ ಕೆಳಗಿನ ನದಿಗೂ ಮೇಲಿನ ಜಲಾಶಯಕ್ಕೂ ಇರುವ 120 ಮೀಟರ್ ಎತ್ತರವನ್ನು ಮೀನು ಹತ್ತಲೆಂದು 2002ರಲ್ಲಿ ತೆರೆದ ಈ ಕಾಲುವೆಯ ಉದ್ದ ಸುಮಾರು 10 ಕಿಲೋಮೀಟರ್. ಒಂದು ಭಾಗ ಸಹಜ ತೊರೆ, ಇನ್ನೊಂದು ಭಾಗ ಕಟ್ಟಿದ್ದು, ನಡುನಡುವೆ ಮೀನು ಸುಧಾರಿಸಿಕೊಳ್ಳಲು ಕೊಳಗಳು. ನೀರು ಕೆಂಪು, ಮೀನು ಕಾಣುವ ಆಸೆ ಇಟ್ಟುಕೊಳ್ಳಬೇಡಿ. ಇದು ಬರಿಯ ಒಳ್ಳೆಯ ಕೆಲಸ ಎಂದು ಗೈಡ್ ಹೇಳಿದರೆ ಅರ್ಧ ಒಪ್ಪಿ. ಮೊದಲು ಗ್ವಾಯಿರಾ ಜಲಪಾತವೇ ಗೋಡೆಯಾಗಿದ್ದು, ಕೆಳಗಿನ ಹೊಳೆಯ ಹಲವು ಮೀನುಗಳು ಮೇಲೆ ಹೋಗುತ್ತಿರಲಿಲ್ಲ. ಅದು ಮುಳುಗಿದ ಮೇಲೆ, ಈ ಕಾಲುವೆಯೂ ತೆರೆದ ಮೇಲೆ, ಅಲ್ಲಿಲ್ಲದ ಜಾತಿಗಳು ಮೇಲೇರಿವೆ. ಮೀನು ತಜ್ಞರಲ್ಲಿ ಈ ಬಗ್ಗೆ ಜಗಳವಿದೆ.

ಮಧ್ಯಾಹ್ನದ ಅಣೆಕಟ್ಟು

ಊಟಕ್ಕೆ ಒಂದೂವರೆ ಗಂಟೆ ಬಿಟ್ಟು ಅಣೆಕಟ್ಟಿನ ಟಿಕೆಟ್ ಹಿಡಿಯಿರಿ. ಸಸ್ಯಾಹಾರಿಗಳು ‘ಸೆಮ್ ಕಾರ್ನಿ’ ಎಂದರೆ ಸಾಲದು. ಅಲ್ಲಿ ಆ ಮಾತಿಗೆ ದನದ ಮಾಂಸ ಬೇಡ ಎಂಬಷ್ಟೇ ಅರ್ಥ ಹಿಡಿದು ಕೋಳಿಯನ್ನೋ ಹ್ಯಾಮನ್ನೋ ಹಾಕಿ ಕೊಡುವುದುಂಟು. ರಾಜ್ಮಾದಂಥ ಕಪ್ಪು ಕಾಳಿನ ಸಾರಿನಲ್ಲೂ ಹಂದಿ ಚೂರು ಇರಬಹುದು. ತೂಕಕ್ಕೆ ಬಡಿಸುವ ಹೋಟೆಲಿನಲ್ಲಿ ಅನ್ನ, ತರಕಾರಿ, ಮರಗೆಣಸು ನೀವೇ ಆರಿಸಿಕೊಳ್ಳುವುದು ಕ್ಷೇಮ. ಚೀಸ್ ಹಾಕಿ ಬೇಯಿಸಿದ ಉಂಡೆಯಂಥ ‘ಪಾಂವ್ ಜಿ ಕೇಜು’ ಎಲ್ಲೆಡೆ ಸಿಗುತ್ತದೆ, ಅದರಲ್ಲಿ ಮೊಟ್ಟೆ ಇರುತ್ತದೆ.

ಅಣೆಕಟ್ಟಿಗೆ ಎರಡು ಬಗೆಯ ಟೂರು. ಬಸ್ಸಿನಲ್ಲಿ ಹೊರಗಿನಿಂದ ನೋಡುವುದು ಒಂದು. ಒಳಗೆ ಟರ್ಬೈನಿನ ದಂಡ ತಿರುಗುವವರೆಗೆ ಹೋಗುವ ವಿಶೇಷ ಟೂರು ಇನ್ನೊಂದು. ಎರಡನೆಯದಕ್ಕೆ ಹದಿನಾಲ್ಕು ತುಂಬಿರಬೇಕು, ಚಪ್ಪಲಿ, ಚಡ್ಡಿ, ಎತ್ತರ ಹಿಮ್ಮಡಿ ಬೇಡ. ಸೀರೆಯ ಬದಲು ಚೂಡಿದಾರ ಅಥವಾ ಪ್ಯಾಂಟು ಹಾಕಿಕೊಳ್ಳಿ. ಮಕ್ಕಳಿಲ್ಲದಿದ್ದರೆ ಇದನ್ನೇ ಆರಿಸಿ. 20 ಯಂತ್ರಗಳು, ಒಂದೊಂದೂ 700 ಮೆಗಾವ್ಯಾಟ್. ಶರಾವತಿ ವಿದ್ಯುದಾಗಾರದ ಹತ್ತೂ ಯಂತ್ರ ಸೇರಿ 1,035 ಮೆಗಾವ್ಯಾಟ್, ಇಲ್ಲಿನ ಒಂದೂವರೆ ಯಂತ್ರದಷ್ಟು. ಹತ್ತು ಯಂತ್ರ ಪರಾಗ್ವೆಯ 50 ಹರ್ಟ್ಸ್‌ಗೆ, ಹತ್ತು ಬ್ರೆಜಿಲ್‌ನ 60 ಹರ್ಟ್ಸ್‌ಗೆ ತಿರುಗುತ್ತವೆ. ಸ್ಪಿಲ್‌ವೇಯಲ್ಲಿ ನೀರು ಧುಮುಕುವ ಚಿತ್ರ ನೋಡಿ ಹೋದವರಿಗೆ ಒಣ ಕಾಂಕ್ರೀಟು ಕಾಣುತ್ತದೆ. ಹೆಚ್ಚುವರಿ ನೀರಿದ್ದಾಗ ಮಾತ್ರ ಗೇಟು ತೆರೆಯುವುದು, ವರ್ಷದ ಬಹುಪಾಲು ದಿನ ಅದು ಮುಚ್ಚಿಯೇ ಇರುತ್ತದೆ. ನೀರೆಲ್ಲ ಟರ್ಬೈನಿಗೆ ಹೋಗುತ್ತಿದೆ ಎಂದರೆ ಕಾರಖಾನೆ ಸರಿಯಾಗಿ ನಡೆಯುತ್ತಿದೆ ಎಂದರ್ಥ.

ಸಂದರ್ಶಕರ ಕೇಂದ್ರದ ಹತ್ತಿರ 1987ರಲ್ಲಿ ತೆರೆದ ಇಕೊಮ್ಯೂಸಿಯಂ ಇದೆ. ಮುಳುಗುವ ಮೊದಲಿನ ಊರು, ಹೊಲ, ಹೊಳೆಗಳನ್ನು ಅಲ್ಲಿ ನೋಡಬಹುದು. ಬಾಗಿಲು ತೆರೆದಿದೆಯೇ ಎಂದು ಟಿಕೆಟ್ ಕಿಟಕಿಯಲ್ಲೇ ಕೇಳಿ, ಒಂದು ಗಂಟೆ ಸಾಕು.

ಪರಾಗ್ವೆ ವೀಸಾ ಇದ್ದವರು ಇನ್ನೊಂದು ದಿನ ಆಚೆಯ ದಡಕ್ಕೂ ಹೋಗಬಹುದು. ಎರ್ನಾಂದಾರಿಯಾಸ್ ಊರಿನ ಬದಿಯಲ್ಲಿ ಅಣೆಕಟ್ಟಿನ ಟೂರಿಗೆ ದುಡ್ಡಿಲ್ಲ. ಗ್ವಾರನಿ ಜನರ ಬದುಕಿನ ಮ್ಯೂಸಿಯಮ್ಮೂ ಪ್ರಾಣಿಗಳ ಕೇಂದ್ರವೂ ಅಲ್ಲಿವೆ. ಮೊದಲು ಎರಡು ದೇಶದ ಗಡಿಯಾರಕ್ಕೆ ಕೆಲವು ತಿಂಗಳು ಒಂದು ಗಂಟೆ ವ್ಯತ್ಯಾಸ ಬರುತ್ತಿತ್ತು, 2024ರ ಅಕ್ಟೋಬರಿನಿಂದ ಪರಾಗ್ವೆ ಗಡಿಯಾರ ತಿರುಗಿಸುವುದನ್ನು ನಿಲ್ಲಿಸಿದೆ. ಹಳೆಯ ಫೋನುಗಳು ಇನ್ನೂ ತಪ್ಪು ಹೊತ್ತು ತೋರಿಸಬಹುದು, ಸೇತುವೆ ದಾಟಿದ ಕೂಡಲೇ ಅಲ್ಲಿನ ಗೋಡೆ ಗಡಿಯಾರವನ್ನೊಮ್ಮೆ ನೋಡಿಕೊಳ್ಳಿ.